ಪಿಟೀಲು ಚೌಡಯ್ಯನವರ ಕಚೇರಿಯ ಧ್ವನಿಮುದ್ರಿಕೆಗಳು

೧

ಗಾನವು ಹುಟ್ಟಿದ ಕ್ಷಣದಲ್ಲಿಯೇ ಲಯವಾಗತಕ್ಕ ವಸ್ತು. ಶಿಲ್ಪಿಯು ಕಾಲವಾದರೂ ಬೇಲೂರಿನ ಕಲ್ಲು ನಿಂತಿದೆ. ಕವಿಯು ಕಾಲವಾದರೂ ಓಲೆಯ ಗರಿಯು ಉಳಿದಿದೆ. ಗಾಯಕನು ತಂಬೂರಿಯನ್ನು ಗೋಡೆಗೆ ಒರಗಿಸಿ ಎದ್ದೊಡನೆ ಅವನ ಕೃತಿಯು ಕೇಳಿದವರ ನೆನಪಿನಲ್ಲಲ್ಲದೆ ಬೇರೆಲ್ಲಿಯೂ ಇರುವುದಿಲ್ಲ. ವೀಣೆ ಶೇಷಣ್ಣನವರು ೧೯೨೬ರಲ್ಲಿಯೂ, ಬಿಡಾರಂ ಕೃಷ್ಣಪ್ಪನವರು ೧೯೩೧ರಲ್ಲಿಯೂ ದಿವಂಗತರಾದರು. ಅವರ ಕಚೇರಿಯೊಂದನ್ನು ಮೊದಲಿನ ವರ್ಣದಿಂದ ಕಡೆಯ ಮಂಗಳದವರೆಗೆ ಹಿಡಿದಿಡಬಲ್ಲ ಯಂತ್ರವು ಆಗ ಈ ದೇಶದ ಸಭೆಗಳಲ್ಲಿ ಇರಲಿಲ್ಲ. ಆ ಮಹನೀಯರ ವಿದ್ವತ್ತನ್ನು ಇಂದಿನವರು ಆಪ್ತವಾಕ್ಯದಿಂದ ನಂಬಬೇಕೇ ಹೊರತು ಕಿವಿಯಿಂದ ತಿಳಿಯುವಂತಿಲ್ಲ.

ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರ ಸ್ಥಿತಿ ಇದಕ್ಕಿಂತ ಸ್ವಲ್ಪ ಬೇರೆ. ಕಾವೇರಿ ಕಪಿಲೆಯರು ಸಂಗಮಿಸುವ ತಿರುಮಕೂಡಲು ನರಸೀಪುರದಲ್ಲಿ ೧೮೯೫ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಗುರುಸೇವೆ ಮಾಡಿ ವಿದ್ಯೆಯನ್ನು ಸಂಪಾದಿಸಿ, ಅರ್ಧ ಶತಮಾನದ ಹತ್ತಿರ ದಕ್ಷಿಣದೇಶದ ವೇದಿಕೆಗಳನ್ನು ಆಳಿ, ೧೯೫೭ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯಿಂದ ಸಂಗೀತ ಕಲಾನಿಧಿ ಎಂಬ ಬಿರುದನ್ನು ಪಡೆದು, ೧೯೬೭ರ ಜನವರಿಯಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಗ್ರಾಮಫೋನು ಬಂದು ಹಳತಾಗಿತ್ತು. ರೇಡಿಯೋ ಮನೆಮನೆಗೆ ಬಂದಿತ್ತು. ಸುರುಳಿಯ ಟೇಪು ಯಂತ್ರವು ಅನುಕೂಲಸ್ಥರ ಹಜಾರಗಳನ್ನು ಸೇರಿತ್ತು. ಆದುದರಿಂದ ಚೌಡಯ್ಯನವರ ನಾದವು ಅಲ್ಲಲ್ಲಿ ಉಳಿದಿದೆ. ಅದನ್ನು ಹುಡುಕಿಕೊಂಡು ಹೋಗತಕ್ಕ ರಸಿಕರೂ ಇದ್ದಾರೆ. ಬೆಂಗಳೂರಿನ ಹಳೆಯ ಬಡಾವಣೆಗಳಾದ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇಂತಹವರ ಸಂಖ್ಯೆ ದೊಡ್ಡದಲ್ಲದಿದ್ದರೂ ಅವರ ಶ್ರದ್ಧೆ ದೊಡ್ಡದು.

ಈ ಶೋಧನೆಯು ಕೇವಲ ಒಂದು ಚಪಲವೆಂದು ಕೆಲವರು ನಗುವುದುಂಟು. ಹಾಗೆ ನಗುವುದು ಸರಿಯಲ್ಲ. ೧೯೦೯ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿ ಪ್ರಕಟಿಸಿದಾಗ ಲೋಕವು ಬೆರಗಾಯಿತಷ್ಟೆ. ಒಂದು ತಾಳೆಯ ಗರಿಯ ಕಟ್ಟು ಕೈಗೆ ಬಂದುದು ಅಲ್ಲಿ ಮೊದಲ ಭಾಗ್ಯ. ಆದರೆ ಆ ಕಟ್ಟು ಯಾವುದೆಂದು ಗುರುತಿಸಿ, ಅಕ್ಷರಗಳನ್ನು ಬಿಡಿಸಿ, ಲೇಖಕನ ಪ್ರಮಾದವನ್ನು ಗ್ರಂಥಕರ್ತನ ಮೇಲೆ ಹೊರಿಸದೆ ಓದಿದುದು ಎರಡನೆಯ ಮತ್ತು ದೊಡ್ಡ ಕೆಲಸ. ಧ್ವನಿಮುದ್ರಿಕೆಗಳ ಶೋಧನೆಯಲ್ಲಿಯೂ ಕ್ರಮವು ಇದೇ. ಮೊದಲನೆಯ ಕೆಲಸಕ್ಕೆ ಉತ್ಸಾಹವು ಸಾಕು. ಎರಡನೆಯದಕ್ಕೆ ವಿವೇಕವು ಬೇಕು. ಉತ್ಸಾಹವು ಧಾರಾಳವಾಗಿಯೂ ವಿವೇಕವು ವಿರಳವಾಗಿಯೂ ಇರುವುದು ಈ ಕ್ಷೇತ್ರದ ಕೊರತೆ.

೨

ಮೊದಲು ಸಾಮಗ್ರಿಯ ಸ್ವರೂಪವನ್ನು ತಿಳಿಯಬೇಕು. ಈ ದೇಶದಲ್ಲಿ ಗ್ರಾಮಫೋನು ಕಂಪನಿಯ ಧ್ವನಿಮುದ್ರಣವು ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಅರಗಿನಿಂದ ಮಾಡಿದ ಹತ್ತಂಗುಲದ ತಟ್ಟೆಯು ನಿಮಿಷಕ್ಕೆ ೭೮ ಸುತ್ತು ತಿರುಗಿ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷದ ಗಾನವನ್ನು ಕೊಡುತ್ತಿತ್ತು. ೧೯೨೫ರ ಸುಮಾರಿಗೆ ವಿದ್ಯುತ್ತಿನ ಸಹಾಯದಿಂದ ಮುದ್ರಿಸುವ ವಿಧಾನವು ಬಂದ ಮೇಲೆ ನಾದವು ಸ್ಪಷ್ಟವಾಯಿತೇ ಹೊರತು ಕಾಲವು ಹೆಚ್ಚಲಿಲ್ಲ. ತೋಡಿಯನ್ನು ಒಂದು ಗಂಟೆ ಬೆಳೆಸಬಲ್ಲ ವಿದ್ವಾಂಸನು ಆ ಮೂರು ನಿಮಿಷದಲ್ಲಿ ಪಲ್ಲವಿ, ಅನುಪಲ್ಲವಿ, ಚರಣಗಳನ್ನು ಓಡಿಸಿ, ನಾಲ್ಕು ಆವರ್ತ ಸ್ವರವನ್ನು ಹಾಕಿ ಮುಗಿಸಬೇಕು. ಅದು ಕಚೇರಿಯಲ್ಲ, ಕಚೇರಿಯ ವಿಳಾಸದ ಚೀಟಿ.

ಕಚೇರಿಯನ್ನೇ ಹಿಡಿದದ್ದು ಕಾಂತಶಕ್ತಿಯ ಟೇಪು. ಅದು ಇಲ್ಲಿಯ ರಸಿಕರ ಕೈಗೆ ಬಂದುದು ೧೯೫೦ರ ತರುವಾಯ. ಏಳಂಗುಲದ ಸುರುಳಿಯಲ್ಲಿ ೧೨೦೦ ಅಡಿ ಟೇಪು. ಸೆಕೆಂಡಿಗೆ ಮೂರೂಮುಕ್ಕಾಲು ಅಂಗುಲದ ವೇಗದಲ್ಲಿ ಓಡಿಸಿದರೆ ಒಂದು ಮಗ್ಗುಲಿಗೆ ೬೪ ನಿಮಿಷ, ಏಳೂವರೆ ಅಂಗುಲದ ವೇಗದಲ್ಲಿ ಓಡಿಸಿದರೆ ನಾದವು ಉತ್ತಮ, ಆದರೆ ೩೨ ನಿಮಿಷ ಮಾತ್ರ. ನಾಲ್ಕು ಗಂಟೆಯ ಕಚೇರಿಗೆ ಎಷ್ಟು ಸುರುಳಿ ಬೇಕೆಂಬುದನ್ನು ವಾಚಕರೇ ಲೆಕ್ಕ ಮಾಡಬಹುದು. ಸುರುಳಿಗಳು ಆಗ ಅಗ್ಗವಲ್ಲ. ಗೃಹಸ್ಥನು ಮಿತವ್ಯಯಿಯಾಗಲೇಬೇಕಾಯಿತು.

ಈ ಕಾಲಗಣನೆಯಿಂದ ಒಂದು ಮುಖ್ಯವಾದ ಅಂಶವು ಹೊರಡುತ್ತದೆ. ಟೇಪು ಬಂದಾಗ ಚೌಡಯ್ಯನವರಿಗೆ ಐವತ್ತೈದು ವರ್ಷ ದಾಟಿತ್ತು. ಆದುದರಿಂದ ಇಂದು ದೊರೆಯುವ ದೀರ್ಘವಾದ ಕಚೇರಿಗಳೆಲ್ಲವೂ ಬಹುಮಟ್ಟಿಗೆ ಅವರ ಉತ್ತರವಯಸ್ಸಿನವು. ಪ್ರಾಯದ ಕಾಲದ ಚೌಡಯ್ಯನವರು ಮೂರು ನಿಮಿಷದ ತಟ್ಟೆಗಳಲ್ಲಿ ಮಾತ್ರ ಉಳಿದಿದ್ದಾರೆ. ವಿಸ್ತಾರವಾಗಿ ಉಳಿದಿರುವವರು ಹಿರಿಯ ಚೌಡಯ್ಯನವರು. ಈ ಭೇದವನ್ನು ಮರೆತು, ಒಂದು ಟೇಪನ್ನು ಕೇಳಿ, “ಚೌಡಯ್ಯನವರ ಕೈ ಇಷ್ಟೇ” ಎಂದು ತೀರ್ಪು ಕೊಡುವುದು, ಅಪರಾಹ್ಣದಲ್ಲಿ ಎದ್ದವನು ಸೂರ್ಯೋದಯದ ವರ್ಣವನ್ನು ವಿಮರ್ಶಿಸಿದಂತೆ.

ಎರಡನೆಯ ಅಂಶವು ಇನ್ನೂ ಗಂಭೀರವಾದುದು. ಚೌಡಯ್ಯನವರು ತನಿವಾದನವನ್ನು ಮಾಡಿದರೂ, ಅವರ ಜೀವಮಾನದ ಬಹುಭಾಗವು ಪಕ್ಕವಾದ್ಯದ ಆಸನದಲ್ಲಿ ಕಳೆಯಿತು. ಚೆಂಬೈ ವೈದ್ಯನಾಥ ಭಾಗವತರೊಡನೆ ಅವರ ಜೋಡಿಯು ಮನೆಮಾತಾಗಿತ್ತು. ಅದಕ್ಕೆ ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗವು ಸೇರಿದರೆ ಸಭೆಯಲ್ಲಿ ನಿಲ್ಲುವುದಕ್ಕೆ ಜಾಗವಿರುತ್ತಿರಲಿಲ್ಲ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು, ಜಿ. ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ದಿಗ್ಗಜಗಳಿಗೂ ಅವರು ಪಿಟೀಲು ಹಿಡಿದರು. ಆದರೆ ಸುರುಳಿಯ ಪೆಟ್ಟಿಗೆಯ ಮೇಲೆ ಬರೆಯುವ ವಾಡಿಕೆ ಹೇಗೆ? ಗಾಯಕರ ಹೆಸರು, ಒಂದೆರಡು ರಾಗಗಳ ಹೆಸರು, ಇಷ್ಟೇ. ಪಿಟೀಲು ಯಾರು, ಮೃದಂಗ ಯಾರು, ಎಂಬುದನ್ನು ಬರೆದವರು ಅಪರೂಪ. ಆದುದರಿಂದ ಚೌಡಯ್ಯನವರನ್ನು ಹುಡುಕುವವನು ಚೌಡಯ್ಯನವರ ಹೆಸರಿನಲ್ಲಿ ಹುಡುಕಿದರೆ ಕೈಗೆ ಸಿಕ್ಕುವುದು ಅಲ್ಪ. ಅವರು ಇತರರ ಹೆಸರಿನ ಕೆಳಗೆ ಅಜ್ಞಾತವಾಸದಲ್ಲಿದ್ದಾರೆ.

ಮಿತವ್ಯಯವು ಈ ಅಜ್ಞಾತವಾಸವನ್ನು ಮತ್ತಷ್ಟು ಕಠಿನ ಮಾಡಿತು. ಗಾಯಕನು ಕಾಂಭೋಜಿಯನ್ನು ಆಲಾಪಿಸಿ ನಿಲ್ಲಿಸಿದೊಡನೆ ಪಿಟೀಲಿನ ಸರದಿ. ಆಗ ಟೇಪು ಉಳಿಯಲೆಂದು ಯಂತ್ರವನ್ನು ನಿಲ್ಲಿಸಿ, ಕೃತಿಯು ಆರಂಭವಾದೊಡನೆ ಮತ್ತೆ ಒತ್ತಿದ ಸುರುಳಿಗಳುಂಟು. ತನಿ ಆವರ್ತನವನ್ನು ಪೂರ್ತಿಯಾಗಿ ಬಿಟ್ಟ ಸುರುಳಿಗಳಂತೂ ಹೇರಳ. ರೇಡಿಯೋದಿಂದ ಮುದ್ರಿಸಿಕೊಂಡವರು ಆರಂಭದ ನಿವೇದನೆಯನ್ನು ಕತ್ತರಿಸಿದರು. ಪಕ್ಕವಾದ್ಯದವರ ಹೆಸರು ಇದ್ದುದೇ ಆ ನಿವೇದನೆಯಲ್ಲಿ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ, ಉಳಿಸಬೇಕೆಂಬ ಪ್ರೀತಿಯಿಂದಲೇ ಮಾಡಿದ ಕೆಲಸದಲ್ಲಿ ಏನನ್ನು ಮೊದಲು ಬಿಟ್ಟರೋ ಅದರಿಂದ ಆ ಕಾಲದ ರಸಿಕತೆಯು ಪಕ್ಕವಾದ್ಯಕ್ಕೆ ಕೊಟ್ಟ ಬೆಲೆಯು ಗೊತ್ತಾಗುತ್ತದೆ.

೩

ಚೌಡಯ್ಯನವರ ಹೆಸರಿನೊಡನೆ ಸಪ್ತತಂತೀ ಪಿಟೀಲು ಅಂಟಿಕೊಂಡಿದೆ. ಪಿಟೀಲಿಗೆ ನಾಲ್ಕು ತಂತಿಗಳಿರುವುದು ಲೋಕರೂಢಿ. ೧೯೨೦ರ ದಶಕದ ಕೊನೆಯ ವೇಳೆಗೆ ಅವರು ಇನ್ನೂ ಮೂರು ತಂತಿಗಳನ್ನು ಜೊತೆಗೆ ಕಟ್ಟಿ, ಒಂದೇ ಸ್ವರವು ಎರಡು ಸ್ಥಾಯಿಗಳಲ್ಲಿ ಕೂಡಿ ನುಡಿಯುವಂತೆ ಅಳವಡಿಸಿದರು. ಗುರುಗಳಿಗೆ ಮೊದಲು ತಿಳಿಸದೆಯೇ ಈ ಪ್ರಯೋಗವನ್ನು ಮಾಡಿದರೆಂದೂ, ಕೃಷ್ಣಪ್ಪನವರು ನಾದವನ್ನು ಕೇಳಿ ಅನಂತರ ಒಪ್ಪಿದರೆಂದೂ ಸಂಗೀತಗಾರರಲ್ಲಿ ಪ್ರತೀತಿ ಇದೆ.

ಈ ಪ್ರಯೋಗಕ್ಕೆ ಕಾರಣವೇನೆಂಬುದು ವಿಚಾರಾರ್ಹ. ಧ್ವನಿವರ್ಧಕವು ಸಭೆಗಳಿಗೆ ಬರುವುದಕ್ಕೆ ಮೊದಲು ಗಾಯಕರು ತುಂಬುಕಂಠದಿಂದ ಹಾಡಬೇಕಾಗಿತ್ತು. ಮೃದಂಗವು ಸ್ವಭಾವತಃ ಗಟ್ಟಿಯಾದ ವಾದ್ಯ. ನಡುವೆ ಪಿಟೀಲು ಕ್ಷೀಣವಾಗಿ ಕೇಳುತ್ತಿತ್ತು. ಚಪ್ಪರದ ಕಡೆಯ ಸಾಲಿನಲ್ಲಿ ಕುಳಿತ ಬಡ ರಸಿಕನಿಗೂ ಪಿಟೀಲು ಕೇಳಬೇಕೆಂಬುದೇ ಸಪ್ತತಂತಿಯ ಉದ್ದೇಶ. ಇದು ಒಂದು ದೃಷ್ಟಿಯಿಂದ ಯಂತ್ರಶಿಲ್ಪದ ಪರಿಹಾರ. ಇನ್ನೊಂದು ದೃಷ್ಟಿಯಿಂದ ಸೌಜನ್ಯ.

ಈ ವಾದ್ಯವನ್ನು ಒಪ್ಪದವರೂ ಇದ್ದರು. ನಾದವು ದಪ್ಪವಾಯಿತು, ಸೂಕ್ಷ್ಮವು ಮರೆಯಾಯಿತು, ಎಂಬುದು ಅವರ ಆಕ್ಷೇಪ. ಇಂದಿನ ಯುವಕರಲ್ಲಿಯೂ ಹಳೆಯ ಟೇಪನ್ನು ಕೇಳಿ ಅದೇ ಮಾತನ್ನು ಹೇಳುವವರುಂಟು. ಈ ಆಕ್ಷೇಪದಲ್ಲಿ ಎಷ್ಟು ಭಾಗ ವಾದ್ಯಕ್ಕೆ ಸೇರಿದ್ದು, ಎಷ್ಟು ಭಾಗ ಟೇಪಿಗೆ ಸೇರಿದ್ದು, ಎಂಬುದನ್ನು ವಿಂಗಡಿಸದೆ ತೀರ್ಮಾನಿಸುವುದು ನ್ಯಾಯವಲ್ಲ. ಹೇಗೆಂದರೆ, ಮನೆಯ ಟೇಪು ಯಂತ್ರವೂ ಆ ಕಾಲದ ರೇಡಿಯೋ ಪ್ರಸಾರವೂ ನಾದದ ಮೇಲಿನ ಅಂಶಗಳನ್ನು, ಎಂದರೆ ತಂತಿಯ ಹೊಳಪನ್ನೂ ಕಮಾನಿನ ಉಸಿರನ್ನೂ ಕೊಡುವ ಉನ್ನತ ಕಂಪನಗಳನ್ನು, ಪೂರ್ತಿಯಾಗಿ ಹಿಡಿಯುತ್ತಿರಲಿಲ್ಲ. ಕೆಳಗಿನ ಅಂಶಗಳು ಮಾತ್ರ ಚೆನ್ನಾಗಿ ಉಳಿಯುತ್ತಿದ್ದವು. ನಾಲ್ಕು ತಂತಿಯ ಪಿಟೀಲಿನಲ್ಲಿ ಇದರಿಂದ ಸ್ವಲ್ಪ ಮಂಕುಂಟಾದರೆ, ಕೆಳಸ್ಥಾಯಿಯ ಜೊತೆತಂತಿಗಳುಳ್ಳ ವಾದ್ಯದಲ್ಲಿ ಮಂಕು ಇಮ್ಮಡಿಯಾಗುವುದು ಸಹಜ. ಆದುದರಿಂದ ಟೇಪಿನಲ್ಲಿ ಕೇಳುವ ದಪ್ಪವು ಸಭೆಯಲ್ಲಿ ಕೇಳಿದ ದಪ್ಪಕ್ಕಿಂತ ಹೆಚ್ಚೆಂದು ಅನುಮಾನಿಸಬೇಕಾಗುತ್ತದೆ.

ಇನ್ನೊಂದು ವೈಚಿತ್ರ್ಯವಿದೆ. ಧ್ವನಿಗ್ರಾಹಕವನ್ನು ಇಡುತ್ತಿದ್ದುದು ಗಾಯಕರ ಮುಂದೆ. ಪಕ್ಕದಲ್ಲಿ ಕುಳಿತ ಪಿಟೀಲು ಅದಕ್ಕೆ ದೂರ. ದೂರದ ಕಿವಿಗೆ ಮುಟ್ಟಲೆಂದೇ ಹುಟ್ಟಿದ ವಾದ್ಯವು, ಹತ್ತಿರವಿದ್ದುದನ್ನು ಮಾತ್ರ ಕೇಳಿಸಿಕೊಳ್ಳುವ ಯಂತ್ರದೆದುರಿಗೆ ಬಂದು ನಿಂತಿತು. ಸಭೆಯಲ್ಲಿ ಕಡೆಯ ಸಾಲನ್ನು ಗೆದ್ದ ಪಿಟೀಲು ಟೇಪಿನಲ್ಲಿ ಹಿಂದಿನ ಕೋಣೆಯಲ್ಲಿ ನುಡಿದಂತೆ ಕೇಳುವುದಕ್ಕೆ ಇದು ಕಾರಣ. ಧ್ವನಿವರ್ಧಕವು ಸರ್ವತ್ರ ವ್ಯಾಪಿಸಿದ ಮೇಲೆ ಸಪ್ತತಂತಿಯ ಅವಶ್ಯಕತೆಯೂ ಕಡಮೆಯಾಯಿತು; ಇಂದು ಪಿಟೀಲು ವಿದ್ವಾಂಸರಲ್ಲಿ ಹೆಚ್ಚಿನವರು ನಾಲ್ಕು ತಂತಿಗಳಿಗೇ ಹಿಂತಿರುಗಿದ್ದಾರೆ. ಹೀಗೆ ಒಂದೇ ಯಂತ್ರವು ಆ ವಾದ್ಯದ ಪ್ರಯೋಜನವನ್ನು ಅಪಹರಿಸಿತು, ಅದರ ವಿಷಯದಲ್ಲಿ ಅಪೂರ್ಣವಾದ ಸಾಕ್ಷ್ಯವನ್ನೂ ನುಡಿಯಿತು. ಅಂತಹ ಸಾಕ್ಷಿಯ ಮಾತನ್ನು ಅಡ್ಡಪ್ರಶ್ನೆಯಿಲ್ಲದೆ ಒಪ್ಪತಕ್ಕದ್ದಲ್ಲ.

ಹಾಗೆಂದು ಟೇಪುಗಳು ನಿಷ್ಪ್ರಯೋಜಕವೆಂದಲ್ಲ. ತಟ್ಟೆಯಲ್ಲಿ ಎಂದಿಗೂ ಸಿಕ್ಕದ ಒಂದು ಗುಣವು ಅವುಗಳಲ್ಲಿ ಸಿಕ್ಕುತ್ತದೆ: ಅದು ಅನುಸರಣೆ. ಗಾಯಕನು ಮುಂದೆ ಏನು ಹಾಡುವನೆಂಬುದು ಪಕ್ಕವಾದ್ಯದವನಿಗೆ ತಿಳಿಯದು. ಹಾಡಿದ ಸಂಚಾರವನ್ನು ಕ್ಷಣಾರ್ಧದ ಹಿಂದೆ ನೆರಳಿನಂತೆ ನುಡಿಸುತ್ತ, ಗಾಯಕನು ಉಸಿರೆಳೆದುಕೊಳ್ಳುವಾಗ ಅವನು ಬಿಟ್ಟ ಸ್ವರವನ್ನು ಕೆಡಹದೆ ಎತ್ತಿಹಿಡಿದು ಅವನ ಕೈಗೇ ಒಪ್ಪಿಸಬೇಕು. ಚೌಡಯ್ಯನವರ ಉದ್ದವಾದ ಕಮಾನು ಈ ಸಂದರ್ಭದಲ್ಲಿ ಮಾಡುವ ಉಪಕಾರವನ್ನು ಕಚೇರಿಯ ಟೇಪಿನಲ್ಲಿ ಮಾತ್ರ ಕಾಣಬಹುದು. ಕಮಾನನ್ನು ತಿರುಗಿಸಿದುದು ತಿಳಿಯದಂತೆ ಸ್ವರವು ನಿಲ್ಲುತ್ತದೆ. ಗಾಯಕನು ಆ ನಿಂತ ಸ್ವರದ ಮೇಲೆ ಕಾಲಿಟ್ಟು ಮುಂದಿನ ಮೆಟ್ಟಿಲನ್ನು ಹತ್ತುತ್ತಾನೆ. ಕಲ್ಪನಾಸ್ವರದಲ್ಲಿ ಪೈಪೋಟಿಯು ಬಂದಾಗ ಅವರ ವೇಗವೂ ಬಲವೂ ಸಭೆಯನ್ನು ಎಬ್ಬಿಸುತ್ತಿದ್ದವೆಂಬುದು ಪ್ರಸಿದ್ಧವೇ ಆಗಿದೆ. ಆದರೆ ಚಪ್ಪಾಳೆಯು ಬಾರದ ಕಡೆಯಲ್ಲಿ ಅವರು ಮಾಡಿದ ಕೆಲಸವು ಅದಕ್ಕಿಂತ ದೊಡ್ಡದು. ಟೇಪಿನ ಶೋಧನೆಗೆ ಸಾರ್ಥಕ್ಯವು ಇಲ್ಲಿದೆ.

೪

ಶೋಧನೆಯ ಕಷ್ಟವನ್ನು ಒಂದು ದೃಷ್ಟಾಂತದಿಂದ ವಿಶದಪಡಿಸಬಹುದು. ಬಸವನಗುಡಿಯ ರಸಿಕರೊಬ್ಬರು ಚೌಡಯ್ಯನವರ ನಾದಕ್ಕಾಗಿ ಬಹುಕಾಲದಿಂದ ಹಳೆಯ ಮನೆಗಳ ಬಾಗಿಲನ್ನು ತಟ್ಟುತ್ತಿದ್ದವರು. ಹಂಚಿನ ಮನೆಗಳು ಉರುಳಿ ಅವುಗಳ ಸ್ಥಾನದಲ್ಲಿ ಮಹಡಿಯ ಮೇಲೆ ಮಹಡಿ ಏಳುತ್ತಿರುವ ಈ ದಿನಗಳಲ್ಲಿ ಅಟ್ಟದ ಸಾಮಾನುಗಳು ಹಳೆಯ ಕಬ್ಬಿಣದವನ ಗಾಡಿಯನ್ನು ಸೇರುವುದಕ್ಕೆ ಒಂದು ದಿನ ಮೊದಲು ತಲುಪಬೇಕೆಂಬುದು ಅವರ ಧಾವಂತ. ಚಾಮರಾಜಪೇಟೆಯ ಒಂದು ಮನೆಯಲ್ಲಿ ಎಂಬತ್ತು ದಾಟಿದ ವೃದ್ಧಮಾತೆಯೊಬ್ಬರು ಬಿಸ್ಕತ್ತಿನ ತಗಡಿನ ಡಬ್ಬಿಯಿಂದ ಒಂದು ಸುರುಳಿಯನ್ನು ತೆಗೆದುಕೊಟ್ಟರು. ಪೆಟ್ಟಿಗೆಯ ಮೇಲೆ ಪ್ರಖ್ಯಾತ ಗಾಯಕರೊಬ್ಬರ ಹೆಸರು, “ರಾಮನವಮಿ” ಎಂಬ ಮಾತು, ಇಷ್ಟೇ ಇದ್ದಿತು. ವರ್ಷವಿಲ್ಲ; ಪಕ್ಕವಾದ್ಯವಿಲ್ಲ.

“ಇದರಲ್ಲಿ ಪಿಟೀಲು ಚೌಡಯ್ಯನವರದೇ,” ಎಂದರು ಆಕೆ. “ನಮ್ಮ ಯಜಮಾನರು ವರ್ಷಾವರ್ಷ ಹಬ್ಬದ ದಿನ ಪಾನಕ ಕೋಸಂಬರಿ ಆದ ಮೇಲೆ ಇದನ್ನು ಹಾಕಿ, ‘ಕೇಳೇ, ಚೌಡಯ್ಯನವರ ಕಮಾನು’ ಅಂತ ಹೇಳುತ್ತಿದ್ದರು.”

ಚಾಮರಾಜಪೇಟೆಗೂ ರಾಮನವಮಿಯ ಸಂಗೀತಕ್ಕೂ ಇರುವ ಸಂಬಂಧವು ಎಲ್ಲರಿಗೂ ತಿಳಿದದ್ದೇ. ೧೯೩೯ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಆರಂಭಿಸಿದ ಶ್ರೀ ರಾಮಸೇವಾ ಮಂಡಲಿಯ ಕಚೇರಿಗಳು ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ನಡೆದು, ಬೇಸಗೆಯ ರಾತ್ರಿಗಳನ್ನು ಪಾವನಮಾಡಿದವು. ಮೈಸೂರಿನಲ್ಲಿ ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ಆಕಾಶವಾಣಿಯು ೧೯೫೫ರಲ್ಲಿ ಬೆಂಗಳೂರಿಗೆ ಬಂದಿತು. ಆದುದರಿಂದ ಸುರುಳಿಯು ಚಪ್ಪರದಲ್ಲಿ ಮುದ್ರಿತವಾದುದಾಗಿರಬಹುದು, ರೇಡಿಯೋದಿಂದಲೂ ಆಗಿರಬಹುದು. ಆಕೆಯ ಮಾತು ನಂಬುವಂತೆಯೇ ಇದ್ದಿತು. ರಸಿಕರೂ ನಂಬುವುದಕ್ಕೆ ಸಿದ್ಧರಾಗಿದ್ದರು. ಅದೇ ಅಪಾಯದ ಸ್ಥಾನ.

ಮನೆಗೆ ಬಂದು, ಟೇಪಿನ ಮೇಲಿನ ಬೂಷ್ಟನ್ನು ಮೆತ್ತಗೆ ಒರಸಿ, ಯಂತ್ರಕ್ಕೆ ಹಾಕಿದರು. ಮೊದಲನೆಯ ಕೃತಿಯಲ್ಲಿಯೇ ಜೊತೆತಂತಿಗಳ ದಪ್ಪನಾದವು ಕೇಳಿಸಿತು. ಸಪ್ತತಂತಿಯೆಂಬುದರಲ್ಲಿ ಸಂದೇಹವಿಲ್ಲ. ಬೇರೊಬ್ಬರಾಗಿದ್ದರೆ ಅಷ್ಟಕ್ಕೇ “ಚೌಡಯ್ಯನವರು” ಎಂದು ಬರೆದು, ಮಿತ್ರರಿಗೆಲ್ಲ ಸುದ್ದಿ ಕಳುಹಿಸುತ್ತಿದ್ದರು. ಆದರೆ ತರ್ಕವನ್ನು ಓದಿದವನು ಲಕ್ಷಣವನ್ನು ಹೇಳುವಾಗ ಅವ್ಯಾಪ್ತಿ ಅತಿವ್ಯಾಪ್ತಿಗಳನ್ನು ನೋಡಬೇಕು. “ಯಾವನ ಪಿಟೀಲಿಗೆ ಏಳು ತಂತಿಗಳೋ ಅವನು ಚೌಡಯ್ಯ” ಎಂಬ ಲಕ್ಷಣಕ್ಕೆ ಅವ್ಯಾಪ್ತಿಯಿದೆ. ಏಕೆಂದರೆ ಸಪ್ತತಂತಿಯನ್ನು ಕಟ್ಟುವುದಕ್ಕೆ ಮುಂಚೆಯೂ ಚೌಡಯ್ಯನವರು ವಿದ್ವಾಂಸರೇ ಆಗಿದ್ದರು. ಅತಿವ್ಯಾಪ್ತಿಯೂ ಇದೆ, ಏಕೆಂದರೆ ಅವರ ಮಾರ್ಗವನ್ನು ಹಿಡಿದು ಏಳು ತಂತಿಗಳನ್ನು ನುಡಿಸಿದವರು ಬೇರೆಯೂ ಉಂಟು. ಬೆಂಗಳೂರಿನಲ್ಲಿಯೇ ಆರ್. ಆರ್. ಕೇಶವಮೂರ್ತಿಗಳು ೨೦೦೬ರಲ್ಲಿ ತೀರಿಕೊಳ್ಳುವವರೆಗೆ ಆ ವಾದ್ಯದ ವಿದ್ಯೆಯನ್ನು ಬಹುಕಾಲ ಬೆಳಗಿಸಿದರು. ಆದುದರಿಂದ ತಂತಿಗಳ ಎಣಿಕೆಯು ನಿರ್ಣಯಕ್ಕೆ ಸಾಲದು.

ರಸಿಕರು ಮೊದಲು ವೇಗವನ್ನು ಪರೀಕ್ಷಿಸಿದರು. ಆ ಗಾಯಕರ ಶ್ರುತಿಯು ಬೇರೆ ಮುದ್ರಿಕೆಗಳಿಂದ ಗೊತ್ತಿದ್ದಿತು. ಈ ಸುರುಳಿಯಲ್ಲಿ ಅದು ಒಂದು ಸ್ವರಸ್ಥಾನದಷ್ಟು ಮೇಲಿತ್ತು. ಒಂದು ಸ್ವರಸ್ಥಾನದ ಏರಿಕೆಯೆಂದರೆ ವೇಗದಲ್ಲಿ ನೂರಕ್ಕೆ ಸುಮಾರು ೬ರ ಹೆಚ್ಚಳ. ಕಲ್ಪನಾಸ್ವರದಲ್ಲಿ ಕೇಳಿದ ಮಿಂಚಿನ ಒಂದು ಭಾಗವು ವಾದಕರದಲ್ಲ, ಯಂತ್ರದ್ದು! ವೇಗವನ್ನು ಸರಿಪಡಿಸಿದ ಮೇಲೆ ಕಮಾನಿನ ನಡೆಯು ನಿಜವಾದ ರೂಪಕ್ಕೆ ಬಂದಿತು. ಚೌಡಯ್ಯನವರದೆಂದು ನಿಶ್ಚಯವಾಗಿ ತಿಳಿದಿರುವ ಕಚೇರಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಗಾಯಕನು ಸ್ವರವನ್ನು ಬಿಡುವ ಸ್ಥಾನಗಳನ್ನು ಒಂದೊಂದಾಗಿ ಹೋಲಿಸಿದರು. ನಿಶ್ಚಿತವಾದ ಮುದ್ರಿಕೆಗಳಲ್ಲಿ ಸ್ವರವು ಮುರಿಯದೆ ನಿಲ್ಲುತ್ತಿತ್ತು. ಈ ಸುರುಳಿಯಲ್ಲಿ ಪಿಟೀಲು ಬಿಟ್ಟ ಸ್ವರವನ್ನು ಹಿಡಿದು, ಬಳಿಕ ಒಂದು ಚಿಕ್ಕ ಸಂಚಾರವನ್ನು ತನ್ನದಾಗಿ ಸೇರಿಸಿ ನಿಲ್ಲಿಸುತ್ತಿತ್ತು. ಅದು ದೋಷವಲ್ಲ, ಸೊಗಸಾದ ಒಂದು ಮನೋಧರ್ಮ. ಆದರೆ ಬೇರೊಂದು ಮನೋಧರ್ಮ. ಒಂದು ಸಲವಲ್ಲ, ಎರಡು ಸಲವಲ್ಲ. ಮೂವತ್ತಕ್ಕೂ ಮಿಕ್ಕಿದ ಸ್ಥಾನಗಳಲ್ಲಿ ಹಾಗೆಯೇ ಇದ್ದಿತು.

ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಒಂದು ರಸೀತಿಯೂ ಇದ್ದಿತು. ಅದರಲ್ಲಿ ಸುರುಳಿಯನ್ನು ಕೊಂಡ ವರ್ಷವು ೧೯೬೮. ಚೌಡಯ್ಯನವರು ತೀರಿಕೊಂಡದ್ದು ೧೯೬೭ರ ಆರಂಭದಲ್ಲಿ. ಇದೂ ಪೂರ್ಣ ನಿರ್ಣಾಯಕವಲ್ಲ. ರಸೀತಿಯು ಬೇರೆ ಸುರುಳಿಯದಾಗಿರಬಹುದು. ಹಳೆಯ ಕಚೇರಿಯನ್ನು ರೇಡಿಯೋದವರು ಅನಂತರ ಮರುಪ್ರಸಾರ ಮಾಡಿರಬಹುದು. ಆದರೆ ಕಿವಿಯ ಸಾಕ್ಷ್ಯವೂ ಕಾಗದದ ಸಾಕ್ಷ್ಯವೂ ಒಂದೇ ಕಡೆಗೆ ಬೆರಳು ತೋರಿದಾಗ, ಒಲವು ಮಾತ್ರ ಇನ್ನೊಂದು ಕಡೆಗೆ ಎಳೆಯುತ್ತಿದ್ದರೆ, ಒಲವಿಗೆ ಪ್ರಾಮಾಣ್ಯವನ್ನು ಕೊಡುವುದು ಹೇಗೆ?

ಸುರುಳಿಯ ಪ್ರತಿಯೊಂದನ್ನು ಮಾಡಿಕೊಂಡು ರಸಿಕರು ಮೂಲವನ್ನು ಹಿಂದಿರುಗಿಸಲು ಹೋದರು. ಹೇಳದೆಯೇ ಬಂದುಬಿಡಬಹುದಾಗಿತ್ತು. ಸತ್ಯವನ್ನು ಹೇಳಬೇಕು, ಪ್ರಿಯವಾಗುವಂತೆ ಹೇಳಬೇಕು, ಎಂದು ಧರ್ಮಶಾಸ್ತ್ರವು ವಿಧಿಸುತ್ತದೆ. ಎರಡೂ ಕೂಡದ ಸಂದರ್ಭದಲ್ಲಿ ಮನುಷ್ಯನು ಒದ್ದಾಡುತ್ತಾನೆ. ಕಾಫಿಯ ಲೋಟವನ್ನು ಕೆಳಗಿಟ್ಟು, “ಅಮ್ಮಾ, ಇದು ಚೌಡಯ್ಯನವರದಲ್ಲವೆಂದು ತೋರುತ್ತದೆ,” ಎಂದು ಅವರು ನಿಧಾನವಾಗಿ ಕಾರಣಗಳನ್ನು ವಿವರಿಸಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, “ಹಾಗಾದರೆ ಯಾರದಪ್ಪಾ?” ಎಂದು ಕೇಳಿದರು. “ಅಷ್ಟು ಚೆನ್ನಾಗಿ ನುಡಿಸಿದಾರಲ್ಲ. ಇಷ್ಟು ವರ್ಷ ನಾವು ಅವರ ಹೆಸರೇ ಎತ್ತಲಿಲ್ಲವಲ್ಲ!”

ಈ ಪ್ರಶ್ನೆಯು ರಸಿಕರಿಗೆ ಅದುವರೆಗೆ ಹೊಳೆದಿರಲಿಲ್ಲ. ಚೌಡಯ್ಯನವರಿಗೆ ಅದು ಸಲ್ಲುವುದೋ ಇಲ್ಲವೋ ಎಂಬುದೊಂದೇ ಅವರ ಚಿಂತೆಯಾಗಿತ್ತು. ಸಲ್ಲದೆಂದು ಗೊತ್ತಾದೊಡನೆ ಸುರುಳಿಯು ಅವರ ಪಾಲಿಗೆ ಬರಿದಾಗಿತ್ತು. ಆದರೆ ಆ ಮನೆಯಲ್ಲಿ ಅರ್ಧ ಶತಮಾನದ ಕಾಲ ಇನ್ನೊಬ್ಬ ವಿದ್ವಾಂಸರ ಶ್ರಮವು ಚೌಡಯ್ಯನವರ ಖಾತೆಗೆ ಜಮೆಯಾಗುತ್ತಿದ್ದಿತು. ಯಾವ ಅಜ್ಞಾತವಾಸದಿಂದ ಚೌಡಯ್ಯನವರನ್ನು ಬಿಡಿಸಬೇಕೆಂದು ರಸಿಕರು ಹೊರಟಿದ್ದರೋ, ಅದೇ ಅಜ್ಞಾತವಾಸಕ್ಕೆ ಚೌಡಯ್ಯನವರ ಹೆಸರಿನಿಂದಲೇ ಬೇರೊಬ್ಬರು ತಳ್ಳಲ್ಪಟ್ಟಿದ್ದರು.

ಪೆಟ್ಟಿಗೆಯೊಳಗೆ ರಸಿಕರು ಒಂದು ಚೀಟಿಯನ್ನು ಬರೆದಿಟ್ಟರು: “ಪಿಟೀಲು ಸಪ್ತತಂತಿ. ವಾದಕರು ಯಾರೆಂದು ನಿಶ್ಚಯವಾಗಿಲ್ಲ. ಈ ಮನೆಯವರು ಚೌಡಯ್ಯನವರೆಂದು ನಂಬಿ ಕೇಳುತ್ತಿದ್ದರು. ವೇಗವು ಒಂದು ಸ್ವರಸ್ಥಾನದಷ್ಟು ಹೆಚ್ಚಾಗಿದೆ.” ಆಕೆಯು ಅದನ್ನು ಕನ್ನಡಕ ಹಾಕಿಕೊಂಡು ಓದಿ, “ಸರಿ, ಯಜಮಾನರ ಮಾತೂ ಇದೆ, ನಿಮ್ಮದೂ ಇದೆ,” ಎಂದು ಡಬ್ಬಿಯ ಮುಚ್ಚಳವನ್ನು ಮುಚ್ಚಿದರು.

೫

ಆ ಚೀಟಿಯಲ್ಲಿ ಒಳ್ಳೆಯ ವಿಮರ್ಶೆಯ ಸಾರವಿದೆ. ತಿಳಿದುದನ್ನು ತಿಳಿದಷ್ಟೇ ಹೇಳುವುದು; ಪರಂಪರೆಯ ಮಾತನ್ನು ಪರಂಪರೆಯದೆಂದೇ ಉಳಿಸುವುದು; ಯಂತ್ರದ ವಿಕಾರವನ್ನು ಕಲಾವಿದನಿಗೆ ಅಂಟಿಸದಿರುವುದು. ಇಂದು ಧ್ವನಿಮುದ್ರಿಕೆಗಳನ್ನು ಹಂಚಿಕೊಳ್ಳುವುದು ಬಹು ಸುಲಭವಾಗಿದೆ. ಒಂದು ಮನೆಯ ಟೇಪು ಒಂದು ದಿನದೊಳಗಾಗಿ ಸಮುದ್ರದಾಚೆಯ ಕನ್ನಡಿಗರ ಮನೆಗಳನ್ನು ಸೇರುತ್ತದೆ. ಅದರೊಡನೆ ತಪ್ಪಾದ ಹೆಸರೂ ಸೇರುತ್ತದೆ. ಹಿಂದೆ ಲಿಪಿಕಾರನ ಒಂದು ಪ್ರಮಾದವು ಒಂದು ಪ್ರತಿಯಲ್ಲಿ ಉಳಿಯುತ್ತಿತ್ತು. ಈಗ ಅದು ಕ್ಷಣದಲ್ಲಿ ಸಾವಿರ ಪ್ರತಿಯಾಗುತ್ತದೆ, ಮತ್ತು ಸಾವಿರ ಕಡೆ ಇರುವುದರಿಂದಲೇ ಸತ್ಯವೆನಿಸುತ್ತದೆ.

ಸಂಗ್ರಾಹಕರಲ್ಲಿ ಎರಡು ದೋಷಗಳನ್ನು ಎತ್ತಿ ಹೇಳಬೇಕು. ಮೊದಲನೆಯದು ಕೃಪಣತೆ. ತನ್ನಲ್ಲಿ ಮಾತ್ರ ಇದೆಯೆಂಬ ಹೆಮ್ಮೆಗಾಗಿ ಸುರುಳಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವವರು, ಟೇಪಿನ ಮೇಲಿನ ಲೇಪವು ಕಾಲಕ್ರಮದಲ್ಲಿ ಅಂಟಾಗಿ ಉದುರತಕ್ಕದ್ದೆಂಬುದನ್ನು ಮರೆಯುತ್ತಾರೆ. ಬೀಗವು ಕಳ್ಳನನ್ನು ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ. ಎರಡನೆಯದು ಅತಿಯಾದ ಶುದ್ಧೀಕರಣ. ಹಳೆಯ ಟೇಪಿನ ಸರಸರ ಶಬ್ದವನ್ನು ತೆಗೆಯುವ ಉಪಾಯಗಳು ಈಗ ಹೇರಳವಾಗಿವೆ. ಆದರೆ ಆ ಸರಸರವಿರುವ ಎಡೆಯಲ್ಲಿಯೇ ಪಿಟೀಲಿನ ಹೊಳಪೂ ಇದೆ. ಒಂದನ್ನು ತೊಳೆದರೆ ಇನ್ನೊಂದೂ ಹೋಗುತ್ತದೆ. ಮೊದಲೇ ಮಂಕಾಗಿ ಮುದ್ರಿತವಾದ ಸಪ್ತತಂತಿಯು ಈ ಸ್ನಾನದಿಂದ ಇನ್ನೂ ಮಂಕಾಗುತ್ತದೆ, ಹಳೆಯ ಆಕ್ಷೇಪಕ್ಕೆ ಹೊಸ ಬಲವು ಬರುತ್ತದೆ. ಶುದ್ಧಪಡಿಸಿದ ಪ್ರತಿಯು ಇರಲಿ. ಆದರೆ ಮುಟ್ಟದ ಪ್ರತಿಯೊಂದು ಅದರ ಪಕ್ಕದಲ್ಲಿ ಅವಶ್ಯವಾಗಿ ಇರಬೇಕು. ಪಾಠವನ್ನು ತಿದ್ದಿದ ಸಂಪಾದಕನು ಮೂಲಪಾಠವನ್ನು ಅಡಿಯಲ್ಲಿ ಕೊಡುವುದು ವಿದ್ವತ್ಸಂಪ್ರದಾಯವಷ್ಟೆ.

ಮಲ್ಲೇಶ್ವರದ ಪಕ್ಕದ ವೈಯಾಲಿಕಾವಲಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಚೌಡಯ್ಯ ಸ್ಮಾರಕಭವನವು ೧೯೮೦ರಿಂದ ನಿಂತಿದೆ. ಪಕ್ಕವಾದ್ಯದ ವಿದ್ವಾಂಸರೊಬ್ಬರಿಗೆ ಅಷ್ಟು ದೊಡ್ಡ ಗೌರವವು ದೊರೆತದ್ದು ಕನ್ನಡನಾಡಿಗೆ ಭೂಷಣ. ಆದರೆ ಕಟ್ಟಡವು ಆಕಾರವನ್ನು ತೋರಿಸಬಲ್ಲುದು, ನಾದವನ್ನು ಕೇಳಿಸಲಾರದು. ನಾದವಿರು‌ವುದು ಬೂಷ್ಟು ಹಿಡಿದ ಆ ಸುರುಳಿಗಳಲ್ಲಿ, ಇನ್ನೊಬ್ಬರ ಹೆಸರಿನ ಕೆಳಗೆ.

ಆದುದರಿಂದ ಯಾವ ಮನೆಯ ಅಟ್ಟದಲ್ಲಿ ಅಂತಹ ಪೆಟ್ಟಿಗೆಯಿದೆಯೋ ಆ ಮನೆಯವರು ಮಾಡಬೇಕಾದ ಕೆಲಸವು ಸ್ವಲ್ಪವೇ. ಹಿರಿಯರು ಇರುವಾಗಲೇ ಅವರನ್ನು ಕೇಳಿ, ಯಾವ ವರ್ಷ, ಯಾವ ಸಭೆ, ಯಾರ ಪಿಟೀಲು, ಯಾರ ಮೃದಂಗ, ಯಾರ ಘಟ ಎಂಬುದನ್ನು ಬರೆದಿಡಬೇಕು. ಹಿರಿಯರಿಗೆ ನೆನಪಿಲ್ಲದಿದ್ದರೆ ನೆನಪಿಲ್ಲವೆಂದೇ ಬರೆಯಬೇಕು. ಗಾಯಕರ ಹೆಸರು ಹೇಗೂ ಉಳಿಯುತ್ತದೆ. ಪಕ್ಕದಲ್ಲಿ ಕುಳಿತವರ ಹೆಸರು ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ಚಾಮರಾಜಪೇಟೆಯ ಆ ಸುರುಳಿಯ ವಾದಕರ ಹೆಸರಿಗಾಗಿ ಬಸವನಗುಡಿಯ ರಸಿಕರು ಈಗ ಮತ್ತೆ ಮನೆಮನೆಯ ಬಾಗಿಲನ್ನು ತಟ್ಟುತ್ತಿದ್ದಾರೆ.